ಕಾಲು ಲೀಟರ್ ಹಾಲಿನ ದುಡ್ಡಿನಲ್ಲಿ ಕಾಲಿನ ಆರೈಕೆ



ಕೊಟ್ಟಿಗೆಯಲ್ಲಿ ಹಸು ಒಂದು ಕಾಲನ್ನು ತುಸು ಎತ್ತಿ ನಿಂತರೆ ಸಾಕು, ನಿಮ್ಮ ಕಣ್ಣಿಗೆ ಬೀಳುತ್ತದೆ. ಹಾಲು ಕರೆಯುವುದನ್ನು ಬಿಟ್ಟು ಬಗ್ಗಿ ಗೊರಸಿನ ಸಂದು ನೋಡುತ್ತೀರಿ. ಕಲ್ಲು ಸಿಕ್ಕಿದೆಯೇ, ಹುಣ್ಣಾಗಿದೆಯೇ, ಹುಳ ಬಿದ್ದಿದೆಯೇ ಎಂದು ಪರೀಕ್ಷಿಸುತ್ತೀರಿ. ಗೊರಸು ಬೆಳೆದಿದ್ದರೆ ಕತ್ತರಿಸುವವರನ್ನು ಕರೆಸಿ ದುಡ್ಡು ಕೊಡುತ್ತೀರಿ. ಆರು ತಿಂಗಳಿಗೊಮ್ಮೆ ಕಾಲುಬಾಯಿ ಜ್ವರದ ಲಸಿಕೆ ಬಂದಾಗ ಎಷ್ಟೇ ಕೆಲಸವಿದ್ದರೂ ಹಗ್ಗ ಹಿಡಿದು ನಿಲ್ಲುತ್ತೀರಿ. ಕಾಲು ಕೆಟ್ಟ ಹಸು ಮೇವು ಬಿಡುತ್ತದೆ, ಹಾಲು ಇಳಿಸುತ್ತದೆ ಎಂಬುದನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ಒಂದು ಪ್ರಶ್ನೆ. ನಿಮಗಾಗಲಿ, ನಿಮ್ಮ ಅತ್ತೆಗಾಗಲಿ, ತಾಯಿಗಾಗಲಿ ಸಕ್ಕರೆ ಕಾಯಿಲೆ ಇದ್ದರೆ, ಅವರ ಅಂಗಾಲನ್ನು ಕೊನೆಯ ಸಲ ನೋಡಿದ್ದು ಯಾವಾಗ?

ನಾನು ನೋಡಿರಲಿಲ್ಲ. ನಮ್ಮ ಅತ್ತೆಗೆ ಹನ್ನೊಂದು ವರ್ಷದಿಂದ ಶುಗರ್ ಇತ್ತು. ಮಾತ್ರೆ ನುಂಗುತ್ತಿದ್ದರು, ಕೊಟ್ಟಿಗೆ ಕೆಲಸ ಬಿಟ್ಟಿರಲಿಲ್ಲ. ಒಂದು ದಿನ ಸಂಜೆ ಅವರು ನಡೆದ ಕಡೆಯೆಲ್ಲ ನೆಲದ ಮೇಲೆ ರಕ್ತದ ಗುರುತು. ಕಾಲೆತ್ತಿ ನೋಡಿದರೆ ಹೆಬ್ಬೆರಳ ಕೆಳಗೆ ಜಾಲಿ ಮುಳ್ಳು ಮುರಿದು ಒಳಗೇ ಕೂತಿತ್ತು, ಸುತ್ತ ಕೀವು. ಎಷ್ಟು ದಿನದ್ದೋ ಅವರಿಗೂ ಗೊತ್ತಿಲ್ಲ. "ಏನಾಯ್ತು ಬಿಡಮ್ಮ, ನೋಯ್ತಾ ಇಲ್ವಲ್ಲ" ಅಂದರು. ಅರಿಶಿನ ಹಚ್ಚಿದೆವು. ಐದನೇ ದಿನ ಜ್ವರ ಬಂತು. ಪಟ್ಟಣದ ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು.

ಶಸ್ತ್ರಚಿಕಿತ್ಸೆಯ ಹಣವನ್ನು ನಾವು ಕಟ್ಟಲಿಲ್ಲ, ಕಾರ್ಡಿನಲ್ಲಿ ಆಯಿತು. ಆದರೆ ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿ ಊಟ, ಓಡಾಟ, ಆಮೇಲೆ ನಾಲ್ಕು ತಿಂಗಳು ದಿನ ಬಿಟ್ಟು ದಿನ ಗಾಯಕ್ಕೆ ಪಟ್ಟಿ ಕಟ್ಟಿಸುವುದು, ಆಟೋ, ಹೊರಗಿನಿಂದ ತಂದ ಔಷಧಿ, ಇವೆಲ್ಲ ನಮ್ಮ ಕೈಯಿಂದಲೇ ಹೋಯಿತು. ಎರಡನೇ ಕರುವಿನ ಒಳ್ಳೆಯ ಹಸುವನ್ನು 48,000 ರೂಪಾಯಿಗೆ ಮಾರಿದೆವು. ಸಂಘಕ್ಕೆ ಹಾಕುತ್ತಿದ್ದ ಹಾಲು ಅರ್ಧಕ್ಕಿಂತ ಕೆಳಗೆ ಇಳಿಯಿತು.

ಈ ಕಥೆಯನ್ನು ಮರುಕಕ್ಕಾಗಿ ಹೇಳುತ್ತಿಲ್ಲ. ಇದರೊಳಗೆ ಒಂದು ಲೆಕ್ಕವಿದೆ. ಬೆರಳು ಕತ್ತರಿಸುವುದಕ್ಕೆ ದುಡ್ಡು ಕೊಡುವ ಯೋಜನೆ ಇದೆ. ಬೆರಳು ಉಳಿಸುವ ಚಪ್ಪಲಿಗೆ ದುಡ್ಡು ಕೊಡುವವರು ಇಲ್ಲ. ಆ ಸಣ್ಣ ಖರ್ಚನ್ನು ಮನೆಯಲ್ಲಿ ಯಾರೂ ಬರೆಯುವುದಿಲ್ಲ, ಸಂಘದಲ್ಲೂ ಬರೆಯುವುದಿಲ್ಲ. ಅದನ್ನು ಎರಡೂ ಕಡೆ ಬರೆಯಬೇಕು ಎಂಬುದೇ ನನ್ನ ವಾದ.

ನೋವಿಲ್ಲದಿರುವುದೇ ಅಪಾಯ

ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ನರಗಳು ಹಾಳಾಗುತ್ತವೆ. ದೇಹದಲ್ಲಿ ಅತಿ ಉದ್ದದ ನರಗಳು ಪಾದಕ್ಕೆ ಹೋಗುವಂಥವು, ಆದ್ದರಿಂದ ಪೆಟ್ಟು ಮೊದಲು ಕಾಲ್ಬೆರಳಿಗೇ ಬೀಳುತ್ತದೆ. ಕೆಲವರಿಗೆ ಉರಿ, ಜೋಮು, ಹತ್ತಿಯ ಮೇಲೆ ನಡೆದಂತೆ ಅನ್ನಿಸುತ್ತದೆ. ಇನ್ನು ಕೆಲವರಿಗೆ ಏನೂ ಅನ್ನಿಸುವುದಿಲ್ಲ, ಸ್ಪರ್ಶವೇ ಹೋಗಿರುತ್ತದೆ. ಬೆವರು ಬರಿಸುವ ನರಗಳೂ ಸೋಲುವುದರಿಂದ ಚರ್ಮ ಒಣಗಿ ಹಿಮ್ಮಡಿ ಒಡೆಯುತ್ತದೆ. ಪಾದದ ಸಣ್ಣ ಸ್ನಾಯುಗಳು ಸೊರಗಿ ಬೆರಳು ಬಾಗುತ್ತವೆ. ಭಾರವೆಲ್ಲ ಒಂದೇ ಕಡೆ ಬಿದ್ದು ಅಲ್ಲಿ ಆಣಿ ಕಟ್ಟುತ್ತದೆ, ಆಣಿಯ ಕೆಳಗೆ ಹುಣ್ಣಾಗುತ್ತದೆ. ರಕ್ತನಾಳಗಳೂ ಕಿರಿದಾಗಿದ್ದರೆ ಆ ಹುಣ್ಣು ಬೇಗ ಮಾಯುವುದಿಲ್ಲ.

ಹಸು ಕುಂಟಿ ಹೇಳುತ್ತದೆ. ಸ್ಪರ್ಶ ಹೋದ ಪಾದ ಕುಂಟುವುದಿಲ್ಲ. ಮುಳ್ಳು ತುಳಿದರೂ, ಬಿಸಿನೀರು ಬಿದ್ದರೂ, ಚಪ್ಪಲಿಯ ಪಟ್ಟಿ ಉಜ್ಜಿದರೂ ಅದು ಸುಮ್ಮನೆ ನಡೆಯುತ್ತದೆ. ಹೀಗಾಗಿ "ನೋವಾದಾಗ ನೋಡೋಣ" ಎಂದು ಕಾದರೆ ಆ ದಿನ ಬರುವುದೇ ಇಲ್ಲ.

ಇದು ಎಲ್ಲೋ ಯಾರಿಗೋ ಬರುವ ಕಾಯಿಲೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ದೇಶದಾದ್ಯಂತ ನಡೆದ ಅಧ್ಯಯನವು 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ, ಹಳ್ಳಿಗಳೂ ಇದರಿಂದ ಹೊರಗಿಲ್ಲ. ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡವರಲ್ಲಿ ನೂರಕ್ಕೆ ಸುಮಾರು 85 ಮಂದಿಗೆ ಅದು ಶುರುವಾದದ್ದು ಒಂದು ಹುಣ್ಣಿನಿಂದ ಎಂದು ವೈದ್ಯರು ಲೆಕ್ಕ ಹಾಕಿದ್ದಾರೆ. ಹುಣ್ಣಾಗದಂತೆ ನೋಡಿಕೊಂಡರೆ, ಆದ ಹುಣ್ಣನ್ನು ಬೇಗ ಹಿಡಿದರೆ, ಹೆಚ್ಚಿನ ಕಾಲುಗಳು ಉಳಿಯುತ್ತವೆ ಎಂದೇ ಇದರ ಅರ್ಥ.

ನಮ್ಮ ಕೆಲಸವೇ ಅಂಥದ್ದು. ಗಂಜಲ, ಸಗಣಿ ನೀರಿನಲ್ಲಿ ಹೊತ್ತುಗಟ್ಟಲೆ ಕಾಲು ನೆನೆದು ಬೆರಳ ಸಂದು ಕೊಳೆಯುತ್ತದೆ. ಹುಲ್ಲು ತರಲು ಹೋದರೆ ಕೂಳೆ ಚುಚ್ಚುತ್ತದೆ. ಹಸು ಕಾಲು ತುಳಿಯುತ್ತದೆ. ಪಾತ್ರೆ ತೊಳೆಯುವ ಬಿಸಿನೀರು ಚೆಲ್ಲುತ್ತದೆ. ಇಷ್ಟೆಲ್ಲ ಇರುವ ಜಾಗದಲ್ಲಿ ನಾವು ನಡೆಯುವುದು ಬರಿಗಾಲಿನಲ್ಲಿ.

ಮೊದಲು ಪರೀಕ್ಷೆ, ಆಮೇಲೆ ಖರ್ಚು

ಸಕ್ಕರೆ ಕಾಯಿಲೆ ಇದ್ದವರೆಲ್ಲ ದುಬಾರಿ ಚಪ್ಪಲಿ ಕೊಳ್ಳಬೇಕಾಗಿಲ್ಲ. ಯಾರ ಪಾದದಲ್ಲಿ ಸ್ಪರ್ಶ ಹೋಗಿದೆಯೋ ಅವರಿಗೆ ಮೊದಲು ಬೇಕು. ಅದನ್ನು ತಿಳಿಯಲು ಒಂದು ಪೈಸೆ ಖರ್ಚಿಲ್ಲದ ವಿಧಾನವಿದೆ. ಇಂಗ್ಲೆಂಡಿನ ಇಪ್ಸ್‌ವಿಚ್ ಎಂಬ ಊರಿನ ವೈದ್ಯರು ರೂಪಿಸಿದ ಬೆರಳು ಮುಟ್ಟುವ ಪರೀಕ್ಷೆ ಇದು, ಮನೆಯವರೇ ಮಾಡಬಹುದು.

ಪಾದ ಚಾಚಿ ಮಲಗಿಸಿ, ಕಣ್ಣು ಮುಚ್ಚಿಸಿ. ನಿಮ್ಮ ತೋರುಬೆರಳಿನಿಂದ ಅವರ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ. ಒತ್ತಬೇಡಿ, ಚಿವುಟಬೇಡಿ, ಸವರಬೇಡಿ. ಮುಟ್ಟಿದ್ದು ಗೊತ್ತಾದಾಗ ಎಡವೋ ಬಲವೋ ಹೇಳಲಿ. ಎರಡೂ ಪಾದ ಸೇರಿ ಆರು ಕಡೆ ಮುಟ್ಟಿದಂತಾಯಿತು. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ಗೊತ್ತಾಗದಿದ್ದರೆ ಸ್ಪರ್ಶ ಕುಂದಿದೆ ಎಂದು ತಿಳಿಯಿರಿ, ಆರೋಗ್ಯ ಕೇಂದ್ರಕ್ಕೆ ಹೋಗಿ. ಅಲ್ಲಿ ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತಿ ನೋಡುವ ಪರೀಕ್ಷೆ, ನಾಡಿ ಹಿಡಿದು ರಕ್ತ ಸಂಚಾರ ನೋಡುವ ಪರೀಕ್ಷೆ ಕೇಳಿ ಮಾಡಿಸಿಕೊಳ್ಳಿ.

ಸ್ಪರ್ಶ, ರಕ್ತ ಸಂಚಾರ ಎರಡೂ ಸರಿಯಿದ್ದವರಿಗೆ ವರ್ಷಕ್ಕೊಂದು ತಪಾಸಣೆ ಸಾಕು. ಇವೆರಡರಲ್ಲಿ ಒಂದು ಕೆಟ್ಟಿದ್ದರೂ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ. ಎರಡೂ ಕೆಟ್ಟಿದ್ದರೆ, ಅಥವಾ ಒಂದು ಕೆಟ್ಟು ಪಾದದ ಆಕಾರವೂ ಬದಲಾಗಿದ್ದರೆ, ಮೂರರಿಂದ ಆರು ತಿಂಗಳಿಗೊಮ್ಮೆ. ಇದರ ಜೊತೆಗೆ ಹಿಂದೆ ಒಮ್ಮೆ ಹುಣ್ಣಾಗಿದ್ದವರಿಗೆ ಒಂದರಿಂದ ಮೂರು ತಿಂಗಳಿಗೊಮ್ಮೆ. ಒಮ್ಮೆ ಮಾಯ್ದ ಹುಣ್ಣು ನೂರರಲ್ಲಿ ಸುಮಾರು 40 ಜನರಿಗೆ ವರ್ಷದೊಳಗೆ ಮತ್ತೆ ಬರುತ್ತದೆ, ಅದಕ್ಕೇ ಈ ಎಚ್ಚರ.

ನಮ್ಮ ಮನೆಯ ವರ್ಷದ ಲೆಕ್ಕ

ಅತ್ತೆ ಮನೆಗೆ ಬಂದ ಮೇಲೆ ನಾನು ಹಾಲಿನ ಪುಸ್ತಕದ ಹಿಂದಿನ ಹಾಳೆಯಲ್ಲಿ ಪಾದದ ಖರ್ಚು ಬರೆಯಲು ಶುರುಮಾಡಿದೆ. ಹಿಂದೆ ಪಟ್ಟಿ ಇರುವ ಮೆತ್ತನೆಯ ಎಂಸಿಆರ್ ಚಪ್ಪಲಿ, ಸವೆಯುವುದರಿಂದ ವರ್ಷಕ್ಕೆ ಎರಡು ಜೊತೆ, 1,800 ರೂಪಾಯಿ. ಕೊಟ್ಟಿಗೆಗೆ ಗಮ್‌ಬೂಟು 400. ಹತ್ತಿಯ ಕಾಲುಚೀಲ ಮೂರು ಜೊತೆ 150. ಉಗುರು ಕತ್ತರಿ, ಅಂಗಾಲು ನೋಡಲು ಕೈಗನ್ನಡಿ, ಕೊಬ್ಬರಿ ಎಣ್ಣೆ ಸೇರಿ 200. ತಪಾಸಣೆಗೆ ಹೋಗಿಬರುವ ಖರ್ಚು 300. ಒಟ್ಟು 2,850. ಇದು ನಾನು ಕೊಟ್ಟ ದರ, ನಿಮ್ಮ ಕಡೆ ಹೆಚ್ಚುಕಡಿಮೆ ಇರಬಹುದು.

ದಿನಕ್ಕೆ ಹಂಚಿದರೆ ಎಂಟು ರೂಪಾಯಿಗೂ ಕಡಿಮೆ. ಹತ್ತಿರ ಹತ್ತಿರ ಕಾಲು ಲೀಟರ್ ಹಾಲಿನ ದುಡ್ಡು. ಇನ್ನೊಂದು ರೀತಿಯಲ್ಲಿ ನೋಡಿ: ಸರ್ಕಾರ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಕೊಡುತ್ತದೆ. ದಿನಕ್ಕೆ ಹತ್ತು ಲೀಟರ್ ಹಾಕುವ ಮನೆಗೆ ತಿಂಗಳಿಗೆ 1,500. ಎರಡು ತಿಂಗಳ ಪ್ರೋತ್ಸಾಹಧನ ಖಾತೆಗೆ ಬಂದಾಗ ಮನೆಯಲ್ಲಿ ಒಬ್ಬರ ಪಾದದ ವರ್ಷದ ಖರ್ಚು ಮುಗಿದು ಇನ್ನೂ 150 ಉಳಿಯುತ್ತದೆ. ಪಕ್ಕದಲ್ಲಿ 48,000ದ ಹಸುವನ್ನು ನಿಲ್ಲಿಸಿ ನೋಡಿ.

"ಚಪ್ಪಲಿಗೆ ಒಂಬೈನೂರು ಯಾಕೆ, ಹವಾಯಿ ಚಪ್ಪಲಿ ಅಗ್ಗಕ್ಕೆ ಸಿಗುತ್ತಲ್ಲ?" ಎಂದು ನಮ್ಮ ಯಜಮಾನರೂ ಕೇಳಿದರು. ಹವಾಯಿಯ ಪಟ್ಟಿ ಬೆರಳ ಸಂದಿನಲ್ಲೇ ಉಜ್ಜುತ್ತದೆ. ಸ್ಪರ್ಶವಿಲ್ಲದ ಕಾಲಿನಿಂದ ಜಾರಿಹೋದರೂ ಗೊತ್ತಾಗುವುದಿಲ್ಲ. ತೆಳ್ಳನೆಯ ಅಟ್ಟೆಯನ್ನು ಜಾಲಿ ಮುಳ್ಳು ದಾಟಿ ಬರುತ್ತದೆ. ಎಂಸಿಆರ್‌ನಲ್ಲಿ ಒಳಗಿನ ಹಾಸು ಮೆತ್ತಗೆ, ಹೊರಗಿನ ಅಟ್ಟೆ ಗಟ್ಟಿ. ಕೊಳ್ಳುವಾಗ ಸಂಜೆ ಹೊತ್ತು ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಬಿಗಿಯೋ ಸಡಿಲವೋ ಎಂದು ಆ ಕಾಲು ಹೇಳುವುದಿಲ್ಲವಾದ್ದರಿಂದ, ನಿಂತು ಕಾಗದದ ಮೇಲೆ ಪಾದದ ಗೆರೆ ಎಳೆಸಿ ಅಳತೆ ಒಯ್ಯಿರಿ. ಗಮ್‌ಬೂಟನ್ನು ಕಾಲುಚೀಲವಿಲ್ಲದೆ ಹಾಕಬೇಡಿ, ಹಾಕುವ ಮುಂಚೆ ತಲೆಕೆಳಗು ಮಾಡಿ ಕೊಡವಿ, ಕೆಲಸ ಮುಗಿದ ತಕ್ಷಣ ಕಳಚಿ.

ಕೊಟ್ಟಿಗೆಯಲ್ಲಿ ಚಪ್ಪಲಿ ಹಾಕುವುದು ತಪ್ಪು, ಹಸು ಲಕ್ಷ್ಮಿ ಎನ್ನುವ ಹಿರಿಯರಿದ್ದಾರೆ. ಅವರ ಭಾವನೆಗೆ ನಾನು ಎದುರಾಡುವುದಿಲ್ಲ. ಕೊಟ್ಟಿಗೆಗೆಂದೇ ಒಂದು ಜೊತೆ ಬೇರೆ ಇಟ್ಟುಕೊಳ್ಳಿ, ತೊಳೆದು ಅಲ್ಲೇ ಇಡಿ, ಬೀದಿಗೆ ಹಾಕಬೇಡಿ. ನಮ್ಮ ಅತ್ತೆ ಒಪ್ಪಿದ್ದು ಹೀಗೆ. ಜಾತ್ರೆ, ಪಾದಯಾತ್ರೆಯ ಹರಕೆ ಇದ್ದರೂ ಸ್ಪರ್ಶ ಹೋದವರು ಬರಿಗಾಲಿನಲ್ಲಿ ಹೊರಡಬೇಡಿ. ಮಧ್ಯಾಹ್ನ ದೇವಸ್ಥಾನದ ಕಾದ ಕಲ್ಲು ಅಂಗಾಲನ್ನು ಸುಟ್ಟಿದ್ದು ಮನೆಗೆ ಬಂದ ಮೇಲೇ ಗೊತ್ತಾಗುವುದು.

ದುಡ್ಡಿಲ್ಲದ ಆರೈಕೆ

ಉಳಿದದ್ದಕ್ಕೆ ಖರ್ಚಿಲ್ಲ, ದಿನಕ್ಕೆ ಐದು ನಿಮಿಷ ಬೇಕು. ರಾತ್ರಿ ಕೆಲಸ ಮುಗಿದ ಮೇಲೆ ಪಾದ ತೊಳೆಯಿರಿ. ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿ, ಕಾಲಿನಿಂದ ನೋಡಬೇಡಿ. ನೀರಿನಲ್ಲಿ ನೆನೆಸಿಟ್ಟು ಕೂರಬೇಡಿ. ಬೆರಳ ಸಂದು ಒಣಬಟ್ಟೆಯಿಂದ ಒರೆಸಿ. ಕೊಬ್ಬರಿ ಎಣ್ಣೆಯನ್ನು ಅಂಗಾಲಿಗೆ, ಹಿಮ್ಮಡಿಗೆ ಹಚ್ಚಿ, ಬೆರಳ ಸಂದಿಗೆ ಬೇಡ. ಅಂಗಾಲು ಕಾಣದಿದ್ದರೆ ಕನ್ನಡಿ ಹಿಡಿಯಿರಿ ಅಥವಾ ಮೊಮ್ಮಕ್ಕಳಿಗೆ ತೋರಿಸಿ. ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆ ಕೊರೆಯಬೇಡಿ. ಆಣಿಯನ್ನು ಬ್ಲೇಡಿನಿಂದ ಕೆತ್ತಬೇಡಿ, ಅಂಗಡಿಯಲ್ಲಿ ಸಿಗುವ ಆಣಿ ಪಟ್ಟಿ ಅಂಟಿಸಬೇಡಿ, ಅದರಲ್ಲಿರುವ ಆಸಿಡ್ ಚರ್ಮ ಸುಡುತ್ತದೆ.

ಗುಳ್ಳೆ, ಕೀವು, ಊತ, ಒಂದು ಪಾದ ಮಾತ್ರ ಬಿಸಿಯಾಗಿರುವುದು, ಬೆರಳು ಕಪ್ಪಾಗುವುದು, ಕೆಟ್ಟ ವಾಸನೆ, ಜ್ವರ ಇವುಗಳಲ್ಲಿ ಯಾವುದೇ ಕಂಡರೂ ಅದೇ ದಿನ ವೈದ್ಯರ ಬಳಿ ಹೋಗಿ. ಕಾಫಿ ಪುಡಿ, ಸುಣ್ಣ, ಅರಿಶಿನ ಹಚ್ಚಿ ಕಾಯಬೇಡಿ. ನಾವು ಐದು ದಿನ ಕಾದೆವು.

ಸಂಘ ಯಾಕೆ ಇದಕ್ಕೆ ಬರಬೇಕು?

ಮನೆಯ ಹೆಂಗಸಿನ ಕಾಲಿಗೂ ಹಾಲಿನ ಸಂಘಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಸಂಘದ ಹಣ ರಾಸುಗಳಿಗೆ ಎನ್ನುತ್ತಾರೆ. ಆ ಮಾತಿನಲ್ಲೂ ಅರ್ಥವಿದೆ, ಸಂಘ ಆಸ್ಪತ್ರೆಯಲ್ಲ. ಆದರೆ ಬೆಳಿಗ್ಗೆ ಐದಕ್ಕೆ ಎದ್ದು ಸಗಣಿ ಬಾಚಿ, ಹಾಲು ಕರೆದು, ಕ್ಯಾನು ಹೊತ್ತು ಡೈರಿಗೆ ತರುವ ಕಾಲು ಯಾರದ್ದು? ಆ ಕಾಲು ನಿಂತರೆ ಆ ಮನೆಯ ಹಾಲು ನಿಲ್ಲುತ್ತದೆ. ನಮ್ಮ ಮನೆಯದು ಅರ್ಧ ನಿಂತೇ ಹೋಯಿತು.

ನಮಗೆ ಈಗ ಇರುವ ರಕ್ಷಣೆ ಯಾವುದು ನೋಡಿ. ಸಹಕಾರಿಗಳಿಗೆಂದೇ ಇರುವ ಯಶಸ್ವಿನಿ ಯೋಜನೆ 2023ರ ಜನವರಿಯಿಂದ ಮತ್ತೆ ಜಾರಿಗೆ ಬಂದಿದೆ. ಸದಸ್ಯರಾಗದವರು ನೋಂದಣಿ ಶುರುವಾದಾಗ ಬಿಡಬೇಡಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕವೂ ಇದೆ. ಇವು ಆಸ್ಪತ್ರೆ ಸೇರಿದ ಮೇಲೆ ಕೈಹಿಡಿಯುವ ಯೋಜನೆಗಳು, ಅದಕ್ಕೆ ನಾವು ಋಣಿಗಳು. ಆಸ್ಪತ್ರೆ ಸೇರದಂತೆ ನೋಡಿಕೊಳ್ಳುವ ಚಪ್ಪಲಿ, ಕಾಲುಚೀಲ ಇವುಗಳಲ್ಲಿ ಬರುವುದಿಲ್ಲ.

ಹಾಗೆಂದು ಸರ್ಕಾರ ಚಪ್ಪಲಿ ಕೊಡುವುದೇ ಇಲ್ಲ ಎಂದಲ್ಲ. ಕುಷ್ಠರೋಗದಿಂದ ಪಾದದ ಸ್ಪರ್ಶ ಕಳೆದುಕೊಂಡವರಿಗೆ ರಾಷ್ಟ್ರೀಯ ಕಾರ್ಯಕ್ರಮದಡಿ ಇದೇ ಎಂಸಿಆರ್ ಚಪ್ಪಲಿಯನ್ನು ಉಚಿತವಾಗಿ ಕೊಡುತ್ತಾರೆ. ಒಳ್ಳೆಯ ಕೆಲಸ, ಎಷ್ಟೋ ಕಾಲು ಉಳಿಸಿದೆ. ಸಕ್ಕರೆ ಕಾಯಿಲೆಯಿಂದ ಮರಗಟ್ಟಿದ ಪಾದಕ್ಕೂ ಮುಳ್ಳು ಅದೇ, ಹುಣ್ಣು ಅದೇ. ಅವರಿಗೂ ಅದೇ ಚಪ್ಪಲಿ ಸಿಗಲಿ ಎಂದು ಕೇಳುವುದರಲ್ಲಿ ತಪ್ಪೇನಿದೆ? ಒಬ್ಬೊಬ್ಬರೇ ಕೇಳಿದರೆ ಯಾರ ಕಿವಿಗೂ ಬೀಳುವುದಿಲ್ಲ. ಒಕ್ಕೂಟದ ಮೂಲಕ ಕೇಳಿದರೆ ಬೀಳುತ್ತದೆ.

ಅದು ಬರುವ ತನಕ ನಮ್ಮ ಸಂಘದಲ್ಲೇ ಆಗುವ ಎರಡು ಕೆಲಸಗಳಿವೆ.

ಒಂದು, ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ ಊರಿಗೆ ಬರುತ್ತದೆ. ಆ ವಾರದಲ್ಲೇ ಒಂದು ದಿನ ಡೈರಿಯ ಹತ್ತಿರ ಹೆಂಗಸರ ಪಾದ ತಪಾಸಣೆ ಇಟ್ಟುಕೊಳ್ಳೋಣ. ಹೊಸ ಜನ, ಹೊಸ ದುಡ್ಡು ಬೇಡ. 2024ರಲ್ಲಿ ಕೋಲಾರದಲ್ಲಿ ಆರಂಭವಾದ ಗೃಹ ಆರೋಗ್ಯ ಯೋಜನೆಯ ತಪಾಸಣೆಯ ಪಟ್ಟಿಯಲ್ಲಿ ಮಧುಮೇಹದ ಪಾದದ ತೊಂದರೆಯೂ ಸೇರಿದೆ. ಆಶಾ ಕಾರ್ಯಕರ್ತೆಯರು, ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿಗಳು ನಮ್ಮೂರಿನಲ್ಲೇ ಇದ್ದಾರೆ. ಸಂಘದ ಕಾರ್ಯದರ್ಶಿ ಒಂದು ಪತ್ರ ಬರೆದು ಕರೆದರೆ ಸಾಕು. ಹಾಲು ಹಾಕಲು ಹೇಗೂ ಎಲ್ಲರೂ ಬರುತ್ತೇವೆ, ಪಟ್ಟಣಕ್ಕೆ ಹೋಗಿ ಒಂದು ಹೊತ್ತಿನ ಹಾಲು ತಪ್ಪಿಸಬೇಕಾಗಿಲ್ಲ. ನನ್ನ ಮಟ್ಟಿಗೆ ಚಪ್ಪಲಿಯ ದುಡ್ಡಿಗಿಂತ ಹೆಚ್ಚು ಹೆಂಗಸರನ್ನು ತಡೆಯುವುದು ಈ ತಪ್ಪುವ ಹೊತ್ತೇ.

ಎರಡು, ಪಶು ಆಹಾರದ ಚೀಲವನ್ನು ಸಂಘ ಮೊದಲು ಕೊಟ್ಟು ಆಮೇಲೆ ಬಟವಾಡೆಯಲ್ಲಿ ಹಿಡಿದುಕೊಳ್ಳುತ್ತದೆ. ಎಂಸಿಆರ್ ಚಪ್ಪಲಿಯನ್ನೂ ಹಾಗೇ ಕೊಡಲಿ. ಹತ್ತು ಇಪ್ಪತ್ತು ಜೊತೆ ಒಟ್ಟಿಗೆ ತರಿಸಿದರೆ ಬೆಲೆ ಇಳಿಸಿ ಕೇಳಬಹುದು. 900 ರೂಪಾಯಿಯನ್ನು ಆರು ಬಟವಾಡೆಯಲ್ಲಿ ಹಿಡಿದರೆ ಸಲಕ್ಕೆ 150. ಇದು ದಾನವಲ್ಲ, ಸಂಘಕ್ಕೆ ನಷ್ಟವೂ ಇಲ್ಲ. ಕೊಳ್ಳಲಾಗದ ಒಂಟಿ ಹೆಂಗಸರಿಗೆ ಲಾಭದಲ್ಲಿ ಒಂದಿಷ್ಟು ತೆಗೆದಿಡುವುದೋ ಬೇಡವೋ ಎಂಬುದನ್ನು ಸದಸ್ಯರೇ ತೀರ್ಮಾನಿಸಲಿ.

ಇವೆರಡನ್ನೂ ನಮ್ಮ ಸಂಘದ ವಾರ್ಷಿಕ ಸಭೆಯಲ್ಲಿ ಕೇಳಲಿದ್ದೇನೆ. ನಿಮ್ಮ ಸಂಘದಲ್ಲಿ ನೀವೂ ಕೇಳಿ. ಹಾಲಿನ ದರದ ಮಾತು ಮುಗಿದು ಎಲ್ಲರೂ ಏಳುವ ಮೊದಲೇ ಎದ್ದು ನಿಂತು ಕೇಳಿ, ನಡವಳಿ ಪುಸ್ತಕದಲ್ಲಿ ಬರೆಸಿ.

ಅದಕ್ಕೂ ಮುಂಚೆ ಇವತ್ತು ರಾತ್ರಿ ಕೊಟ್ಟಿಗೆ ಕೆಲಸ ಮುಗಿಸಿ ಬಂದಾಗ, ಮನೆಯಲ್ಲಿ ಶುಗರ್ ಇರುವವರ ಕಾಲನ್ನು ನಿಮ್ಮ ತೊಡೆಯ ಮೇಲಿಟ್ಟುಕೊಂಡು ಆ ಆರು ಬೆರಳು ಮುಟ್ಟಿ ನೋಡಿ. ನಿಮಗೇ ಇದ್ದರೆ ಮಗಳ ಕೈಲೋ ಸೊಸೆಯ ಕೈಲೋ ಮುಟ್ಟಿಸಿಕೊಳ್ಳಿ. ನಮ್ಮ ಅತ್ತೆಗೆ ಎಂಟು ಬೆರಳು ಉಳಿದಿವೆ. ದಿನಾ ರಾತ್ರಿ ನಾನೇ ನೋಡುತ್ತೇನೆ.